ಸೋಮವಾರ ಹೊಸದುರ್ಗಕ್ಕೆ ಕೇಳಿಸದ ಸಂದೇಶ

ನಾನು ಹುಟ್ಟಾ ಅನುಮಾನದ ಮನುಷ್ಯ. ತರಕಾರಿಯವಳು ತಕ್ಕಡಿ ಎತ್ತಿದರೆ ನನ್ನ ಕಣ್ಣು ಮುಳ್ಳಿನ ಮೇಲೆ. ಗ್ಯಾಸ್ ಆರಿಸಿದ್ದೇನೆ ಎಂದು ಹೆಂಡತಿ ಹೇಳಿದರೂ ಎದ್ದು ಹೋಗಿ ತಿರುಗಿಸಿ ನೋಡುತ್ತೇನೆ. "ನಿಮ್ಮ ಜೊತೆ ಬಾಳ್ವೆ ಮಾಡೋದೂ ಒಂದೇ, ಪೊಲೀಸ್ ಸ್ಟೇಷನ್ನಾಗೆ ಇರೋದೂ ಒಂದೇ" ಅಂತ ಅವಳು ಈಗಲೂ ಅನ್ನುತ್ತಾಳೆ. ಅನ್ನಲಿ. ವೈರು, ಸ್ವಿಚ್ಚು, ಸಂದೇಶ ಇವುಗಳ ಕೆಲಸಕ್ಕೆ ಬರುವವರಿಗೆ ಇದಕ್ಕಿಂತ ಒಳ್ಳೆಯ ಗುಣ ಇನ್ನೊಂದಿಲ್ಲ. ಈಗಿನವರು ಬಂದು ಯಾವ ಕೋರ್ಸ್ ಮಾಡಬೇಕು ಸಾರ್, ಯಾವ ಭಾಷೆ ಕಲಿಯಬೇಕು ಸಾರ್ ಎಂದು ಕೇಳುತ್ತಾರೆ. ಮೊದಲು ಅನುಮಾನ ಪಡುವುದನ್ನು ಕಲಿಯಿರಿ ಅನ್ನುತ್ತೇನೆ ನಾನು. ಆದರೆ ಯಾವುದರ ಮೇಲೆ ಪಡಬೇಕು ಎಂಬುದನ್ನೂ ಕಲಿಯಬೇಕು. ಅದನ್ನು ಕಲಿಯದೆ ನಮ್ಮ ಕಚೇರಿ ಒಬ್ಬ ಒಳ್ಳೆಯ ಮನುಷ್ಯನ ಕೆಲಸ ತೆಗೆಯಿತು. ಆ ಕಥೆ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನಿದ್ದದ್ದು ಚಿತ್ರದುರ್ಗದಲ್ಲಿ, ಮೂವರು ಖಾಸಗಿ ಬಸ್ ಮಾಲೀಕರು ಸೇರಿ ನಡೆಸುತ್ತಿದ್ದ ಕೂಡು ಕಚೇರಿಯಲ್ಲಿ. ಒಬ್ಬರದು ಹಿರಿಯೂರಿನ ರೂಟು, ಒಬ್ಬರದು ಹೊಳಲ್ಕೆರೆಯದು, ಇನ್ನೊಬ್ಬರದು ಹೊಸದುರ್ಗದ್ದು. ಮೂವರೂ ಒಂದೇ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು, ಒಬ್ಬರನ್ನು ಕಂಡರೆ ಒಬ್ಬರಿಗೆ ನಂಬಿಕೆ ಇರಲಿಲ್ಲ. ಖಾಸಗಿ ಬಸ್ಸಿನ ವ್ಯವಹಾರ ನಿಂತಿರುವುದೇ ಪಾಳಿಯ ಮೇಲೆ. ನಿಮ್ಮ ಬಸ್ಸಿನ ಪಾಳಿಯಲ್ಲಿ ಇನ್ನೊಬ್ಬನ ಬಸ್ಸು ಮುಂದೆ ಹೋಯಿತೋ, ದಾರಿಯುದ್ದಕ್ಕೂ ನಿಂತ ಜನವನ್ನೆಲ್ಲ ಅವನು ಬಾಚಿಕೊಳ್ಳುತ್ತಾನೆ, ನಿಮ್ಮ ಕಂಡಕ್ಟರ್ ಖಾಲಿ ಸೀಟಿಗೆ ಟಿಕೆಟ್ ಹರಿಯಬೇಕು. ಅದಕ್ಕೇ ಪ್ರತಿ ನಿಲ್ದಾಣದಲ್ಲೂ ಒಬ್ಬ ಟೈಮ್ ಕೀಪರ್. ಯಾವ ಬಸ್ಸು ಯಾವಾಗ ಬಿಡಬೇಕು ಎಂದು ಹೇಳುವವನು ಅವನೇ. ಎಲ್ಲ ಬೈಗುಳ ತಿನ್ನುವವನೂ ಅವನೇ.

ನಾನು ಸೇರಿದಾಗ ಎಲ್ಲ ಫೋನಿನಲ್ಲೇ ನಡೆಯುತ್ತಿತ್ತು. ಚಿತ್ರದುರ್ಗದಿಂದ ಬಸ್ಸು ಬಿಟ್ಟ ಕೂಡಲೇ ಮುಂದಿನ ಊರಿನ ಟೈಮ್ ಕೀಪರ್‌ಗೆ ಫೋನ್. ಫೋನು ಅಂದಮೇಲೆ ಗೊತ್ತಲ್ಲ, ಬಿಡದ ಬಸ್ಸನ್ನೂ ಬಿಟ್ಟಿದೆ ಅನ್ನುವುದು, ಬಿಟ್ಟದ್ದನ್ನು ಪಂಚರ್ ಆಗಿದೆ ಅನ್ನುವುದು. ಗಲಾಟೆ ಹೊಡೆದಾಟದ ಮಟ್ಟಕ್ಕೆ ಹೋದಮೇಲೆ ಮೂವರೂ ಸೇರಿ ಒಂದು ಕಟ್ಟುನಿಟ್ಟು ಮಾಡಿದರು: ಇನ್ನು ಮೇಲೆ ಫೋನಿನ ಮಾತು ನಡೆಯುವುದಿಲ್ಲ, ಕಂಪ್ಯೂಟರಿನಲ್ಲಿ ಬಂದದ್ದಷ್ಟೇ ಮಾತು. ಚಿತ್ರದುರ್ಗದ ಕೌಂಟರಿನಲ್ಲಿ ಗಿರಿಜಮ್ಮ ಬಟನ್ ಒತ್ತುತ್ತಾರೆ. ನಾಲ್ಕೂ ಊರಿನ ಬೋರ್ಡಿನ ಮೇಲೆ, ಅಂದರೆ ಅಲ್ಲಲ್ಲಿನ ಕಂಪ್ಯೂಟರ್ ಪರದೆಯ ಮೇಲೆ, ಆ ಬಸ್ಸು ಹೊರಟಿತು ಎಂದು ಬರುತ್ತದೆ. ಬೋರ್ಡಿನ ಮೇಲೆ ಬಂದರೆ ಅದರ ಪಾಳಿ ಕಾಯಬೇಕು, ಬರದಿದ್ದರೆ ಆ ಟ್ರಿಪ್ಪು ಕಟ್ ಆಗಿದೆ ಎಂದು ಪಾಳಿಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕು. ಅದಕ್ಕೆ ಬೇಕಾದ ಪ್ರೋಗ್ರಾಂ ಬರೆಯುವ ಕೆಲಸ ನನ್ನ ತಲೆಗೆ ಬಂತು.

ಗಿರಿಜಮ್ಮ ಅಂದರೆ ಸಾಮಾನ್ಯದವರಲ್ಲ. ನಿಲ್ದಾಣದ ಮೈಕ್ ಹಿಡಿದರೆ ಮೇಲಿನ ಕೋಟೆಯವರೆಗೂ ಕೇಳಿಸಬೇಕು ಅನ್ನುವ ಗಂಟಲು. ಕಂಡಕ್ಟರುಗಳು ಹೆದರುತ್ತಿದ್ದದ್ದು ಅವರೊಬ್ಬರಿಗೇ.

ಮೊದಲ ಪ್ರೋಗ್ರಾಂನಲ್ಲಿ ಸಂದೇಶ ಒಂದೊಂದೇ ಊರಿಗೆ ಹೋಗುತ್ತಿತ್ತು. ಚಿತ್ರದುರ್ಗದ ಬೋರ್ಡು, ಆಮೇಲೆ ಹಿರಿಯೂರು, ಆಮೇಲೆ ಹೊಳಲ್ಕೆರೆ, ಕೊನೆಗೆ ಹೊಸದುರ್ಗ. ನಡುವೆ ಒಂದು ಊರಿನ ಲೈನು ಕೈಕೊಟ್ಟರೆ ಸಾಲಿನಲ್ಲಿ ಅದರ ಹಿಂದಿದ್ದ ಊರುಗಳೂ ಕಾಯಬೇಕಿತ್ತು. ಇದು ಹೇಗೋ ಮಾಲೀಕರ ಕಿವಿಗೆ ಬಿತ್ತು. ಹೊಸದುರ್ಗದ ರೂಟಿನ ಮಾಲೀಕರು ಸೀದಾ ನನ್ನ ಮೇಜಿಗೇ ಬಂದರು.

"ಏನಪ್ಪ ತಿಪ್ಪೇಸ್ವಾಮಿ, ಹಿರಿಯೂರಿನೋರು ನಿನಗೆ ಎಷ್ಟು ಊಟ ಹಾಕ್ಸಿದ್ರು? ಅವರಿಗೆ ಮೊದ್ಲು ಹೇಳಿ ನನಗೆ ಕೊನೆಗೆ ಹೇಳ್ತೀಯಂತೆ?"

ಇಂಗ್ಲಿಷ್ ಅಕ್ಷರದ ಸಾಲಿನಲ್ಲಿ ಹಾಕಿದ್ದೇನೆ ಅಷ್ಟೇ ಸ್ವಾಮಿ ಎಂದೆ. ಹಾಗಾದರೆ ಸಾಲು ತಿರುಗಿಸು ಎಂದರು. ತಿರುಗಿಸಿದೆ. ಮರುದಿನ ಹಿರಿಯೂರಿನವರು ಬಂದು ಕೂತರು. ಇದು ಬಗೆಹರಿಯುವ ಜಗಳವಲ್ಲ ಎಂದು ಗೊತ್ತಾಗಿ, ಸಂದೇಶ ಸಾಗಿಸಲು ನಾನು ಬಳಸುತ್ತಿದ್ದ ಲೈಬ್ರರಿಯಲ್ಲಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂ ಕಟ್ಟಿನಲ್ಲಿ, ಇದ್ದ ಮಲ್ಟಿಕಾಸ್ಟ್ ಎಂಬ ದಾರಿಗೆ ಕೈ ಹಾಕಿದೆ.

ಮಲ್ಟಿಕಾಸ್ಟ್ ಅಂದರೆ ಗಿರಿಜಮ್ಮನ ಮೈಕು ಇದ್ದ ಹಾಗೆ. ಅವರು ಒಬ್ಬೊಬ್ಬರ ಕಿವಿಯ ಹತ್ತಿರ ಹೋಗಿ ಹೇಳುವುದಿಲ್ಲ, ಒಂದು ಸಲ ಕೂಗುತ್ತಾರೆ, ನಿಲ್ದಾಣದಲ್ಲಿ ಇದ್ದವರಿಗೆಲ್ಲ ಒಟ್ಟಿಗೆ ಕೇಳಿಸುತ್ತದೆ. ಕಂಪ್ಯೂಟರಿನಲ್ಲಿ ಇದಕ್ಕೆ ಗುಂಪಿನ ನಂಬರ್ ಎಂದು ಒಂದಿರುತ್ತದೆ. ಕೇಳಬೇಕಾದವರು ಆ ಗುಂಪಿಗೆ ಸೇರಿಕೊಳ್ಳಬೇಕು. ನಡುವೆ ಒಂದು ಮಾತು ತಪ್ಪಿದರೆ, ತಪ್ಪಿತು ಎಂದು ಅವರೇ ಕೇಳಿ ಮತ್ತೆ ಹೇಳಿಸಿಕೊಳ್ಳುತ್ತಾರೆ. ಚೆನ್ನಾಗಿದೆಯಲ್ಲವೇ? ನನಗೂ ಹಾಗೇ ಅನ್ನಿಸಿತು. ಆದರೆ ಇದರಲ್ಲಿ ಎರಡು ಮಾತನ್ನು ಯಾರೂ ಎದ್ದು ಕಾಣುವಂತೆ ಬರೆದಿರುವುದಿಲ್ಲ. ಕೂಗಿದವನಿಗೆ ಯಾರು ಯಾರು ಕೇಳಿಸಿಕೊಂಡರು ಎಂಬುದು ಗೊತ್ತೇ ಇರುವುದಿಲ್ಲ. ಮತ್ತು ಗುಂಪಿಗೆ ಸೇರುವುದಕ್ಕೆ ಮುಂಚೆ ಹೇಳಿ ಮುಗಿಸಿದ ಮಾತು, ತಡವಾಗಿ ಸೇರಿದವನಿಗೆ ಯಾವತ್ತೂ ಸಿಗುವುದಿಲ್ಲ. ತಪ್ಪಿದೆ ಎಂದೇ ಅವನಿಗೆ ಗೊತ್ತಾಗುವುದಿಲ್ಲ.

ಈ ಮಲ್ಟಿಕಾಸ್ಟ್ ಹೊರಗಿನ ಇಂಟರ್ನೆಟ್ಟಿನಲ್ಲಿ ಓಡುವುದಿಲ್ಲ. ನಾಲ್ಕೂ ಊರನ್ನು ಒಂದೇ ಲೈನಿಗೆ ಕಟ್ಟಿದವನು ಬೇಕಿತ್ತು. ಟೀವಿ ಕೇಬಲ್ಲಿನ ಸೀನಣ್ಣನ ಹತ್ತಿರ ಅಂಥ ಲೈನಿತ್ತು. ಅವನದರಲ್ಲೇ ಒಂದು ಎಳೆ ಬಾಡಿಗೆಗೆ ತೆಗೆದುಕೊಂಡೆವು. ಶುರುವಾದ ವಾರವೇ ಎಡವಟ್ಟು. ನಾನು ಆರಿಸಿಕೊಂಡ ಗುಂಪಿನ ನಂಬರು ಸೀನಣ್ಣನ ಭಕ್ತಿ ಚಾನೆಲ್ಲಿನ ನಂಬರೇ ಆಗಿಬಿಟ್ಟಿತ್ತು! ಅವನ ಚಾನೆಲ್ಲುಗಳೂ ಓಡುವುದು ಇದೇ ದಾರಿಯಲ್ಲಿ. ಇಲ್ಲಿ ಗಿರಿಜಮ್ಮ ಬಟನ್ ಒತ್ತಿದಾಗಲೆಲ್ಲ ಅಲ್ಲಿ ಮನೆಮನೆಯ ಟೀವಿಯಲ್ಲಿ ಮಂಗಳಾರತಿ ಚೂರುಚೂರಾಗಿ ನಿಲ್ಲುತ್ತಿತ್ತು. ಸೀನಣ್ಣನಿಗೆ ಎದುರಾಳಿ ಕೇಬಲ್ಲಿನವರ ಮೇಲೆ ಅನುಮಾನ. ನನಗೆ ಸೀನಣ್ಣನ ಮೇಲೆ ಅನುಮಾನ, ಯಾಕೆಂದರೆ ನಮ್ಮ ಕಂಪ್ಯೂಟರುಗಳು ಬೇಡದ ಗದ್ದಲ ಕೇಳಿ ಕೇಳಿ ತೂಕಡಿಸುತ್ತಿದ್ದವು. ಹೊಳಲ್ಕೆರೆಯ ಒಬ್ಬ ಅಜ್ಜಿ, "ದುರ್ಗದ ಬಸ್ಸು ಬಿಡೋ ಹೊತ್ತಿಗೇ ನಿಲ್ತತೆ ಕಣಪ್ಪ" ಎಂದು ಅವನ ಹುಡುಗರಿಗೆ ಹೇಳಿದ ಮೇಲೆ ಗುಟ್ಟು ರಟ್ಟಾಯಿತು. ನಂಬರ್ ಬದಲಾಯಿಸಿದೆ. ನೀವೂ ಇನ್ನೊಬ್ಬರ ಲೈನಿನಲ್ಲಿ ಕೂರುವಾಗ ಅಲ್ಲಿ ಈಗಾಗಲೇ ಯಾರು ಕೂತಿದ್ದಾರೆ ಎಂದು ಕೇಳಿಕೊಳ್ಳಿ.

ಇನ್ನೊಂದು ಸಲ ಆಷಾಢದಲ್ಲಿ ಎಲ್ಲ ಊರಿನ ಬೋರ್ಡೂ ನಿಧಾನ. ಮಾಲೀಕರು ಎಂದಿನಂತೆ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಆದದ್ದು ಇಷ್ಟು: ಹಿರಿಯೂರಿನ ಟೈಮ್ ಕೀಪರ್ ಕ್ಯಾಬಿನ್ನಿಗೆ ಬರುವ ಕೇಬಲ್ಲು ಬೇವಿನ ಮರದ ಮೇಲೆ ಹಾದುಬಂದಿತ್ತು. ಆಷಾಢದ ಗಾಳಿಗೆ ಮರ ತೂಗಿದಾಗಲೆಲ್ಲ ಸಂದೇಶ ತಪ್ಪುತ್ತಿತ್ತು. ಅಲ್ಲಿನ ಕಂಪ್ಯೂಟರ್ ಮತ್ತೆ ಹೇಳಿ, ಮತ್ತೆ ಹೇಳಿ ಎಂದು ಗೋಗರೆಯುತ್ತಿತ್ತು, ಇಲ್ಲಿಂದ ಅದಕ್ಕೆ ಹೇಳುವುದರಲ್ಲೇ ಉಳಿದವರ ಹೊತ್ತು ಹೋಗುತ್ತಿತ್ತು. ಈ ಕೆಲಸದವರು ಇದನ್ನು ಅಳುವ ಕೂಸು ಎಂದೇ ಕರೆಯುತ್ತಾರೆ. ಮನೆಯಲ್ಲಿ ಒಂದು ಕೂಸು ಅತ್ತರೆ ಯಾರಿಗೂ ನಿದ್ದೆ ಇಲ್ಲ. ಕೊಂಬೆ ಕಡಿಸಿದೆ, ಸರಿಹೋಯಿತು. ಆದರೆ ಅಳುವ ಕೂಸಿಗಿಂತ ಅಳದೆ ಸುಮ್ಮನಿರುವ ಕೂಸಿನ ಬಗ್ಗೆ ಹೆಚ್ಚು ಎಚ್ಚರ ಬೇಕು ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ನಮ್ಮ ಮೇಲಧಿಕಾರಿ ನಂಜುಂಡಪ್ಪನವರು. ಕೂಡು ಕಚೇರಿಯ ಮ್ಯಾನೇಜರ್. ಡ್ರಾಯರಿನ ಬೀಗದ ಕೈ ಸೊಂಟದ ಉಡಿದಾರಕ್ಕೆ ಕಟ್ಟಿಕೊಂಡಿದ್ದ ಮನುಷ್ಯ. ಅನುಮಾನದಲ್ಲಿ ನನಗೂ ಗುರು. ಆದರೆ ನನ್ನ ಅನುಮಾನ ಯಂತ್ರದ ಮೇಲೆ, ಅವರದ್ದು ಮನುಷ್ಯರ ಮೇಲೆ. ಪ್ರೋಗ್ರಾಂ ಬರೆಯುವಾಗ, ಗಿರಿಜಮ್ಮ ಬಟನ್ ಒತ್ತಿದ ಹೊತ್ತನ್ನೂ ದಾಖಲೆ ಇಡೋಣ ಸಾರ್ ಎಂದು ನಾನೇ ಹೇಳಿದ್ದೆ. ಅವರು ಹೌಹಾರಿದರು.

"ಏ ಮಾರಾಯ, ಸುಮ್ಕಿರು! ಬಸ್ಸು ನಿಜವಾಗಿ ಬಿಟ್ಟ ಟೈಮ್ ಬರೆದಿಟ್ರೆ ನಾಳೆ ಯಾರಾದ್ರೂ ಸಾಹೇಬ್ರು ಬಂದು ಲೇಟ್ ಯಾಕೆ ಬಿಟ್ರಿ ಅಂತ ಕುತ್ತಿಗೆ ಹಿಡೀತಾರೆ. ಟ್ರಿಪ್ಪಿನ ಟೈಮ್ ಅಷ್ಟೇ ಇರ್ಲಿ, ಹೋಯ್ತು ಅಂತ ಒಂದು ಹಸಿರು ಗುರುತು ಇರ್ಲಿ. ಸಾಕು."

ಮೂವರು ಮಾಲೀಕರೂ ಒಮ್ಮತದಿಂದ ಒಪ್ಪಿದ ಒಂದೇ ವಿಷಯ ಅದು.

ಈಗ ಖಾದರ್ ಸಾಬರ ವಿಷಯಕ್ಕೆ ಬರುತ್ತೇನೆ. ಹೊಸದುರ್ಗದ ಟೈಮ್ ಕೀಪರ್. ಅವರ ತಂದೆ ಅದೇ ನಿಲ್ದಾಣದ ಎದುರು ಬಸ್ಸಿನ ಸೀಟು ಹೊಲಿಯುತ್ತಿದ್ದವರು. ಖಾದರ್ ಹುಟ್ಟಿ ಬೆಳೆದದ್ದೇ ಬಸ್ಸುಗಳ ಮಧ್ಯೆ. ಹಾರ್ನ್ ಕೇಳಿಯೇ ಯಾವ ಬಸ್ಸು ಎಂದು ಹೇಳುತ್ತಿದ್ದರು. ಬಾಯಿ ಜೋರು, ಕೈ ಶುದ್ಧ. ಬೆಳಿಗ್ಗೆ ಎಂಟಕ್ಕೆ ಕ್ಯಾಬಿನ್ನಿನ ಬಾಗಿಲು ತೆಗೆದು, ಕಂಪ್ಯೂಟರ್ ಹಾಕಿ, ಅದರ ಮೇಲಿನ ದೂಳು ಒರೆಸಿ ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಅವರ ಭಾಗಕ್ಕೆ ಬರುವ ಮೊದಲನೇ ಬಸ್ಸು ಚಿತ್ರದುರ್ಗ ಬಿಡುವುದೇ ಎಂಟೂಕಾಲಿಗೆ. ಹಾಗಾಗಿ ಅದಕ್ಕೆ ಮುಂಚೆ ಬಾಗಿಲು ತೆಗೆಯುವ ಅಗತ್ಯವೂ ಇರಲಿಲ್ಲ. ಆ ಬಸ್ಸು ಹೊಳಲ್ಕೆರೆಯ ಮೇಲೆ ಹೊಸದುರ್ಗಕ್ಕೆ ಬಂದು, ಅಲ್ಲಿಂದ ಹಿರಿಯೂರಿಗೆ ಹೋಗಬೇಕು. ಅದು ಬರದಿದ್ದರೆ ಆ ಪಾಳಿ ಹಳದಿ ಬಸ್ಸಿನವರಿಗೆ. ಹಳದಿ ಬಸ್ಸಿನವರು ನಮ್ಮ ಕೂಟಕ್ಕೆ ಸೇರದ ಎದುರು ಪಾರ್ಟಿ.

ಒಂದು ಸೋಮವಾರ ಎಂಟೂಕಾಲಿನ ಬಸ್ಸು ಜನ ತುಂಬಿಕೊಂಡು ಹೊಸದುರ್ಗಕ್ಕೆ ಹೋಗಿ ನೋಡಿದರೆ ಅದರ ಪಾಳಿ ಹೊರಟುಹೋಗಿದೆ. ಹಳದಿ ಬಸ್ಸು ಮುಂದೆ ಹೋಗಿದೆ. ಸೋಮವಾರ ಅಂದರೆ ರಜೆ ಮುಗಿಸಿ ಕಾಲೇಜಿಗೆ ಹೋಗುವವರು, ಕಚೇರಿಗೆ ಹೋಗುವವರು, ಒಂದು ಬಸ್ಸಿಗೆ ಎರಡು ಬಸ್ಸಿನ ಜನ. ಕಂಡಕ್ಟರ್ ಖಾದರ್ ಸಾಬರ ಕೊರಳಪಟ್ಟಿಗೇ ಕೈ ಹಾಕಿದನಂತೆ. ನನ್ನ ಬೋರ್ಡಿಗೆ ಸಂದೇಶ ಬಂದಿಲ್ಲ, ಸಂದೇಶ ಬಾರದ ಬಸ್ಸಿಗೆ ಪಾಳಿ ಹೇಗೆ ಹಿಡಿಯಲಿ ಎಂದು ಇವರು. ಮಂಗಳವಾರ ಎಲ್ಲ ಸರಿ. ಬುಧವಾರ, ಗುರುವಾರ ಸರಿ. ಮತ್ತೆ ಸೋಮವಾರ ಬಂತು, ಮತ್ತೆ ಅದೇ ಕಥೆ.

ಇದನ್ನು ಕೇಳಿ ನಂಜುಂಡಪ್ಪನವರ ಮೂಗು ಅರಳಿತು. ವಾರದಲ್ಲಿ ಒಂದೇ ದಿನ, ಅದೂ ಜನ ತುಂಬುವ ದಿನ, ಅದೂ ಹೊಸದುರ್ಗಕ್ಕೆ ಮಾತ್ರ. ಖಾದರ್ ಸಾಬರ ಭಾವಮೈದುನ ಹಳದಿ ಬಸ್ಸಿನಲ್ಲಿ ಕಂಡಕ್ಟರ್ ಎಂಬುದನ್ನೂ ಯಾರೋ ತಂದು ಅವರ ಕಿವಿಗೆ ಹಾಕಿದರು. ಹಳದಿ ಬಸ್ಸಿನ ಮಾಲೀಕರು ಒಂದು ದಿನ ಕ್ಯಾಬಿನ್ನಿನ ಮುಂದೆ ನಿಂತು ಇವರ ಜೊತೆ ನಗುತ್ತಿದ್ದರಂತೆ, ಅದೂ ಬಂತು. ನಗುವುದಕ್ಕೂ ಲೆಕ್ಕ ಕೇಳುವ ಕಾಲ. ನಾನು ಹೊಸದುರ್ಗಕ್ಕೆ ಪರೀಕ್ಷೆಯ ಸಂದೇಶ ಕಳಿಸಿ ನೋಡಿದೆ, ಕಳಿಸಿದ್ದೆಲ್ಲ ತಲುಪಿತು. ಸೀನಣ್ಣನ ಕೇಬಲ್ಲನ್ನು ಕಂಬ ಕಂಬ ನೋಡಿಸಿದೆ. ಹೊಳಲ್ಕೆರೆಯವರನ್ನು ಕೇಳಿದರೆ, "ನಮಗೆ ಸೋಮವಾರಾನೂ ಬಂದೈತಲ್ರಿ" ಎಂದರು. ಹಿರಿಯೂರಿನವರದ್ದೂ ಅದೇ ಮಾತು. ಸತ್ಯ ಹೇಳಬೇಕೆಂದರೆ ಆಗ ನನಗೂ ಖಾದರ್ ಸಾಬರ ಮೇಲೆ ಒಂದು ಕಣ್ಣು ಬಿತ್ತು.

ಕಚೇರಿಗೆ ಕರೆಸಿದರು. ಮೂವರು ಮಾಲೀಕರೂ ಗೋಡೆಗೆ ಒರಗಿ ಕೂತಿದ್ದರು.

"ಏನಪ್ಪ ಖಾದರ್, ಸೋಮವಾರ ಬಂತು ಅಂದ್ರೆ ನಿನ್ ಬೋರ್ಡಿಗೆ ಏನ್ ರೋಗ ಬರ್ತತೆ?" ಎಂದರು ನಂಜುಂಡಪ್ಪನವರು.

"ರೋಗ ಬೋರ್ಡಿಗಲ್ಲ ಸಾರ್, ಸಂದೇಶ ಕಳ್ಸೋರಿಗೆ. ಬಂದಿದ್ರೆ ಪಾಳಿ ಯಾಕೆ ಬಿಡ್ಲಿ? ನನಗೇನು ತಲೆ ಕೆಟ್ಟೈತಾ?"

"ಹೊಳಲ್ಕೆರೆಗೆ ಬಂದೈತೆ. ಹಿರಿಯೂರಿಗೆ ಬಂದೈತೆ. ನಿನಗೊಬ್ಬನಿಗೇ ಬರಾಕೆ ಕಷ್ಟ?"

"ಇಮಾನಿಂದ ಹೇಳ್ತೀನಿ ಸಾರ್, ಸುಳ್ಳಲ್ಲ, ಬಂದಿಲ್ಲ."

ನಂಜುಂಡಪ್ಪನವರು ನನ್ನ ಕಡೆ ತಿರುಗಿದರು. "ತಿಪ್ಪೇಸ್ವಾಮಿ, ಸಂದೇಶ ಹೋಗೈತೋ ಇಲ್ವೋ? ಒಂದೇ ಮಾತಿನಾಗೆ ಹೇಳ್ರಿ."

"ಹೋಗೈತೆ ಸಾರ್. ಹಸಿರು ಗುರುತು ಐತೆ. ಆದ್ರೆ ಹೋಗೋದು ಬೇರೆ, ಮುಟ್ಟೋದು..."

"ಹೋಗೈತೆ ಅಂದ್ರಲ್ಲ, ಸಾಕು ಬಿಡ್ರಿ."

"ಪೂರ್ತಿ ಕೇಳ್ರಿ ಸಾರ್. ಮಲ್ಟಿಕಾಸ್ಟಿನಾಗೆ ಕೂಗಿದ್ದಕ್ಕೆ ಸಾಕ್ಷಿ ಸಿಗ್ತತೆ, ಕೇಳಿಸ್ಕಂಡಿದ್ದಕ್ಕೆ ಸಿಗಲ್ಲ."

"ನಿಮ್ಮ ಪುರಾಣ ಆಮೇಲೆ ಕೇಳ್ತೀನಿ ಕುಂತ್ಕಳ್ರಿ," ಎಂದು ಅವರು ನನ್ನ ಬಾಯಿ ಮುಚ್ಚಿಸಿದರು. ಖಾದರ್ ಸಾಬರಿಗೆ ನಾಳೆಯಿಂದ ಬರಬೇಡ ಎಂದರು. ಅವರು ಜಗಳ ಮಾಡಲಿಲ್ಲ. ಕ್ಯಾಬಿನ್ನಿನ ಬೀಗದ ಕೈ ಮೇಜಿನ ಮೇಲಿಟ್ಟು, ಹೋಗುವಾಗ ನನ್ನ ಹತ್ತಿರ ಒಂದು ಗಳಿಗೆ ನಿಂತು, "ನೀವೂ ಹಿಂಗೇ ಅಂದ್ಕಂಡ್ರಾ ಅಣ್ಣಾ?" ಎಂದರು.

ನಂಜುಂಡಪ್ಪನವರು ಆ ಜಾಗಕ್ಕೆ ತಮ್ಮ ಅಣ್ಣನ ಮಗನನ್ನೇ ಕೂರಿಸಿದರು. ನಂಬಿಕಸ್ಥ, ಕೈಬಾಯಿ ಶುದ್ಧ ಎಂದು ಹೊಗಳಿ ಹೊಗಳಿ ಇಟ್ಟರು. ಅವನೂ ಎಂಟಕ್ಕೇ ಬಾಗಿಲು ತೆಗೆದು ಕೂತ. ವಾರವೆಲ್ಲ ಸಲೀಸು. ಸೋಮವಾರ ಬಂತು ನೋಡಿ, ಎಂಟೂಕಾಲಿನ ಬಸ್ಸಿನ ಸಂದೇಶ ಅವನ ಬೋರ್ಡಿಗೂ ಬರಲಿಲ್ಲ! ಹಳದಿ ಬಸ್ಸು ಜುಮ್ಮೆಂದು ಮುಂದೆ ಹೋಯಿತು. ಬೇರೆ ಯಾರಾದರೂ ಆಗಿದ್ದರೆ ಅಯ್ಯೋ, ತಪ್ಪು ಖಾದರ್ ಸಾಬರದಾಗಿರಲಿಲ್ಲ ಎಂದು ತಲೆ ಚಚ್ಚಿಕೊಳ್ಳುತ್ತಿದ್ದರು. ನಂಜುಂಡಪ್ಪನವರು ಹಾಗಲ್ಲ. ಬಾಗಿಲು ಹಾಕಿಕೊಂಡು ನನ್ನ ಕಿವಿಯ ಹತ್ತಿರ ಬಂದು, "ಈ ನನ್ಮಗನ್ನೂ ಕೊಂಡ್ಕಂಡ್ರೇನ್ರಿ ಅವ್ರು?" ಎಂದರು.

ಮುಂದಿನ ಸೋಮವಾರ ನಾನೇ ಹೊಸದುರ್ಗಕ್ಕೆ ಹೋಗಿ ಆ ಹುಡುಗನ ಪಕ್ಕ ಕೂತೆ. ಅವನು ಬಾಗಿಲು ತೆಗೆದದ್ದು, ಕಂಪ್ಯೂಟರ್ ಹಾಕಿದ್ದು, ಪ್ರೋಗ್ರಾಂ ಗುಂಪಿಗೆ ಸೇರಿಕೊಂಡದ್ದು ಎಲ್ಲ ಕಣ್ಣಾರೆ ನೋಡಿದೆ. ಎಂಟೂಕಾಲಾಯಿತು, ಎಂಟೂವರೆಯಾಯಿತು. ಬೋರ್ಡು ಮಿಸುಕಲಿಲ್ಲ. ಗಿರಿಜಮ್ಮನಿಗೆ ಫೋನ್ ಮಾಡಿ ಪರೀಕ್ಷೆಯ ಸಂದೇಶ ಒಂದು ಒತ್ತಿಸಿದೆ. ಟಣ್ ಎಂದು ಬಂತು! ಲೈನು ಸರಿ, ಕಂಪ್ಯೂಟರ್ ಸರಿ, ಕೂತವನು ಸರಿ. ಬಸ್ಸಿನ ಬಟನ್ ಒತ್ತಿದ್ದೀರಾ ಎಂದರೆ, "ಒತ್ತಿದೀನಣ್ಣ, ಹಸಿರು ಬಿದ್ದೈತೆ, ನನ್ನ ಮ್ಯಾಲೂ ಶುರು ಹಚ್ಕಂಡ್ರಾ?" ಎಂದು ಗಿರಿಜಮ್ಮ ಫೋನಿಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದೆ. ಕೇಳುವ ತುದಿಯನ್ನು ಅಷ್ಟು ಜನ ಅಷ್ಟು ಸಲ ಜಾಲಾಡಿದ್ದೇವೆ. ಕೂಗುವ ತುದಿಯಲ್ಲಿ ಸೋಮವಾರ ಬೆಳಿಗ್ಗೆ ಒಬ್ಬರಾದರೂ ನಿಂತು ನೋಡಿದ್ದೇವೆಯೇ? ಇಲ್ಲ.

ಅದರ ಮುಂದಿನ ಸೋಮವಾರ ಏಳು ಗಂಟೆಗೇ ಹೋಗಿ ಚಿತ್ರದುರ್ಗದ ನಿಲ್ದಾಣದ ಕಂಬಕ್ಕೆ ಒರಗಿ ನಿಂತೆ. ಕಾರಣ ಯಾರಿಗೂ ಹೇಳಲಿಲ್ಲ. ಎಂಟೂಕಾಲಿನ ಬಸ್ಸು ಆಗಲೇ ಬಂದು ನಿಂತಿತ್ತು. ಡ್ರೈವರ್ ಕರಿಯಣ್ಣ. ಭರಮಸಾಗರದ ಕಡೆಯ ಕುರುಬರವನು, ಹಳೆಯ ಡ್ರೈವರ್ ಬಿಟ್ಟ ಮೇಲೆ ಹೊಸದಾಗಿ ಈ ಟ್ರಿಪ್ಪಿಗೆ ಬಂದವನು. ಏಳೂವರೆಗೆ ಸ್ವಲ್ಪ ಮುಂಚೆ ಅವನು ಮುಂದಿನ ಗಾಲಿಗೆ ಅರಿಶಿನ ಕುಂಕುಮ ಹಚ್ಚಿ, ಅದರ ಕೆಳಗೆ ಒಂದು ನಿಂಬೆಹಣ್ಣು ಇಟ್ಟು, ಮೇಲೆ ಹತ್ತಿ ಕೂತು ಬಸ್ಸನ್ನು ಒಂದು ಮಾರು ಮುಂದಕ್ಕೆ ಉರುಳಿಸಿದ. ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೌಂಟರಿನ ಕಡೆ ಕೂಗಿದ: "ಅಮ್ಮೋ, ಒತ್ರಿ ಲಗೂನ, ರಾಹುಕಾಲ ಬಂತು!"

ಗಿರಿಜಮ್ಮ ದೇವರಿಗೆ ಕೈಮುಗಿದಂತೆ ಮಾಡಿ ಬಟನ್ ಒತ್ತಿದರು. 'ಹೋಯಿತು' ಎಂದು ಹಸಿರು ಬಿತ್ತು. ಕರಿಯಣ್ಣ ಇಂಜಿನ್ ಆರಿಸಿ, ಇಳಿದು, ಟವೆಲ್ ಹೆಗಲಿಗೆ ಹಾಕಿಕೊಂಡು ಇಡ್ಲಿ ತಿನ್ನಲು ಹೋದ.

ನಾನು ಓಡಿ ಕೌಂಟರಿಗೆ ಹೋದೆ. "ಗಿರಿಜಮ್ಮಾ! ಬಸ್ಸು ಇನ್ನೂ ಇಲ್ಲೇ ನಿಂತೈತಲ್ರೀ!"

"ನಿಂತ್ರೆ ಏನಾತಣ್ಣ? ಗಾಲಿ ಉರುಳ್ತಲ್ಲ. ಟೈಮಿಗೆ ಹೋಗ್ತಾನೆ ಬಿಡ್ರಿ."

"ಪ್ರತಿ ಸೋಮವಾರ ಹಿಂಗೇನಾ?"

"ಮತ್ತಿನ್ನೇನು? ಸೋಮವಾರ ಏಳೂವರೆಯಿಂದ ಒಂಬತ್ತರ ತನಕ ರಾಹುಕಾಲ. ಎಂಟೂಕಾಲಿಗೆ ಬಟನ್ ಒತ್ತಿ ಕಳಿಸಾಕಾಗ್ತತಾ? ಒಳಗೆ ಮಕ್ಕಳು ಮರಿ ಕುಂತಿರ್ತಾರೆ, ಏನಾದ್ರೂ ಆದ್ರೆ ನೀವು ಬರ್ತೀರಾ? ಕರಿಯಣ್ಣ ಬಲು ಶಾಸ್ತ್ರದ ಮನುಷ್ಯ. ಮೊದಲಿದ್ದೋನು ಇದನ್ನೆಲ್ಲ ಮಾಡ್ತಿರ್ಲಿಲ್ಲ."

"ಇಷ್ಟೆಲ್ಲ ರಾದ್ಧಾಂತ ಆತಲ್ಲ, ನನಗೊಂದು ಮಾತು ಹೇಳಬಾರ್ದಾ ತಾಯಿ?"

"ಇದೇನು ಹೇಳೋ ವಿಷ್ಯಾನಾ? ಎಷ್ಟೋ ಬಸ್ಸಿನೋರು ಮಾಡ್ತಾರೆ. ನೀವೂ ಕೇಳಿಲ್ಲ."

ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹೊರಡಬೇಕಾದ ಹೊತ್ತು ರಾಹುಕಾಲದಲ್ಲಿ ಬಿದ್ದರೆ ಅದಕ್ಕೆ ಮುಂಚೆ ಗಾಲಿ ಉರುಳಿಸಿಬಿಟ್ಟರೆ ಹೊರಟಂತೆಯೇ ಲೆಕ್ಕ, ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ನಾನು ಸ್ಕೂಟರ್ ತಂದ ದಿನ ಮಾಡಿದ್ದೂ ಅದನ್ನೇ. ಜಗತ್ತನ್ನೆಲ್ಲ ಅನುಮಾನಿಸುವ ನನಗೆ ಕಾಲ ಕೆಳಗಿನ ನಿಂಬೆಹಣ್ಣು ಕಾಣಿಸಲಿಲ್ಲ, ಯಾಕೆಂದರೆ ಅದನ್ನು ನಾನು ನಂಬುತ್ತಿದ್ದೆ. ಸಂದೇಶ ಹೋಗುತ್ತಿದ್ದದ್ದು ಏಳೂವರೆಗೆ ಮುಂಚೆ. ಹೊಳಲ್ಕೆರೆ, ಹಿರಿಯೂರಿನ ಕಂಪ್ಯೂಟರುಗಳು ನಸುಕಿಗೇ ಶುರುವಾಗಿರುತ್ತಿದ್ದವು, ಅವಕ್ಕೆ ಕೇಳಿಸುತ್ತಿತ್ತು. ಸೋಮವಾರ ಬಸ್ಸು ಸ್ವಲ್ಪ ತಡ ಎಂದು ಹೊಳಲ್ಕೆರೆಯವರು ಸುಮ್ಮನಿದ್ದರು. ಹೊಸದುರ್ಗದ ಕಂಪ್ಯೂಟರ್ ಗುಂಪಿಗೆ ಸೇರುತ್ತಿದ್ದದ್ದು ಎಂಟಕ್ಕೆ. ಅಷ್ಟರಲ್ಲಿ ಮಾತು ಮುಗಿದುಹೋಗಿತ್ತು. ಉಳಿದ ದಿನಗಳ ರಾಹುಕಾಲ ಬೇರೆ ಹೊತ್ತಿಗೆ ಬೀಳುತ್ತದೆ, ಆಗ ಅವರ ಕಂಪ್ಯೂಟರ್ ಹಾಕಿಯೇ ಇರುತ್ತಿತ್ತು. ಒತ್ತಿದ ಹೊತ್ತು ಬರೆದಿಟ್ಟಿದ್ದರೆ ಮೊದಲ ಸೋಮವಾರವೇ ಸಿಕ್ಕಿಬೀಳುತ್ತಿತ್ತು. ಅದನ್ನು ಬರೆಯಗೊಡದವರು ಯಾರು ಎಂದು ಮೇಲೆ ಹೇಳಿದ್ದೇನೆ.

ನಂಜುಂಡಪ್ಪನವರ ಮುಂದೆ ಎಲ್ಲ ಬಿಡಿಸಿ ಹೇಳಿದೆ. ಅವರು ಕೇಳಿದ್ದು ಒಂದೇ:

"ಖಾದರ್ ನಿಮ್ಮನೆಗೆ ಬಂದಿದ್ನೇನ್ರಿ?"

ನನಗೆ ಉರಿದುಹೋಯಿತು. "ಸಾರ್, ಅವ್ರು ಬಂದಿಲ್ಲ. ಬಂದಿದ್ರೆ ಕಾಲು ಹಿಡ್ಕಂತಿದ್ದೆ. ನಿಮ್ಮ ಅಣ್ಣನ ಮಗನ್ನ ಮುಂದಿನ ಸೋಮವಾರ ಏಳಕ್ಕೆ ಬಾಗಿಲು ತೆಗೀ ಅನ್ರಿ. ಸಂದೇಶ ಬರ್ದಿದ್ರೆ ನನ್ನೂ ಕಳಿಸ್ರಿ."

ಸೋಮವಾರ ಅವನು ಏಳಕ್ಕೆ ಬಾಗಿಲು ತೆಗೆದ. ಸಂದೇಶ ಬಂತು. ಇನ್ನೇನು ಹೇಳುತ್ತಾರೆ? "ಆತು, ಕರೀರಿ ಅವನ್ನ," ಎಂದು ಗೊಣಗಿದರು. ಅದೇ ವಾರ ಪ್ರೋಗ್ರಾಂ ತಿದ್ದಿದೆ. ಯಾವ ಊರಿನವರೇ ಆಗಲಿ ಕಂಪ್ಯೂಟರ್ ಹಾಕಿದ ಕೂಡಲೇ, ಬೆಳಗಿನಿಂದ ಏನೇನು ಹೇಳಿದ್ದೀರಿ ಎಂದು ಇನ್ನೊಂದು ದಾರಿಯಲ್ಲಿ ತಾನಾಗಿ ಕೇಳಿ ತಿಳಿದುಕೊಳ್ಳುವಂತೆ ಮಾಡಿದೆ. ಪ್ರತಿಯೊಂದು ಸಂದೇಶಕ್ಕೂ 'ಕೇಳಿಸಿತು' ಎಂದು ಅಲ್ಲಿಂದ ಮರಳಿ ಉತ್ತರ ಬರಬೇಕು. ಬರುವವರೆಗೆ ಹಸಿರು ಬೀಳುವುದಿಲ್ಲ. ಗಿರಿಜಮ್ಮನ ಕೌಂಟರಿಗೆ ಎರಡು ಬಟನ್ ಕೊಟ್ಟೆ, ಒಂದು ಗಾಲಿ ಉರುಳಿದ್ದಕ್ಕೆ, ಒಂದು ಬಸ್ಸು ಬಿಟ್ಟಿದ್ದಕ್ಕೆ. ಮೊದಲನೆಯದು ಎಲ್ಲಿಗೂ ಹೋಗುವುದಿಲ್ಲ. ಕರಿಯಣ್ಣನಿಗೆ ಮನಸ್ಸಿಗೆ ಸಮಾಧಾನ ಆಗುತ್ತದೆ, ಅಷ್ಟೇ. ನೀವು ಏನೇ ಬರೆಯಿರಿ, ಜನ ಬಿಡದ ಪದ್ಧತಿಗೆ ಒಂದು ಬಟನ್ ಕೊಟ್ಟುಬಿಡಿ.

ಖಾದರ್ ಸಾಬರನ್ನು ಕರೆತರಲು ಹೊಸದುರ್ಗಕ್ಕೆ ಹೋದೆ. ಮನೆಯಲ್ಲೇ ಇದ್ದರು. "ಬರ್ರಿ ಅಣ್ಣಾ, ಕುಂತ್ಕಳ್ರಿ," ಎಂದು ಚಾಪೆ ಹಾಸಿ ಟೀ ತರಿಸಿದರು. ಆದದ್ದನ್ನೆಲ್ಲ ಹೇಳಿದೆ. ನಿಂಬೆಹಣ್ಣಿನ ವಿಷಯ ಬಂದಾಗ ಜೋರಾಗಿ ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

"ಒಂದು ಮಾತು ಕೇಳ್ತೀನಿ, ಬೇಜಾರಾಗಬ್ಯಾಡ್ರಿ. ಸೋಮವಾರ ಬಂದಾಗಲೆಲ್ಲ ನಾನು ಬಂದಿಲ್ಲ ಬಂದಿಲ್ಲ ಅಂತ ಬಡ್ಕಂಡೆ. ಒಬ್ರಾದ್ರೂ ಬಂದು ನನ್ನ ಪಕ್ಕ ಕುಂತು ಬೋರ್ಡ್ ನೋಡಿದ್ರಾ? ಮ್ಯಾನೇಜರ್ ಅಣ್ಣನ ಮಗ ಕುಂತ ಮ್ಯಾಲೆ ನೋಡಾಕೆ ಬಂದ್ರಿ."

ನಾನು ಟೀ ಲೋಟ ಕೆಳಗಿಟ್ಟೆ. "ತಪ್ಪಾತು ಖಾದರಣ್ಣ. ನಡೀರಿ, ನಾಳೆಯಿಂದ ಬರ್ರಿ. ನಿಮ್ಮ ಜಾಗ ನಿಮಗೇ."

"ಆಗಲ್ಲ ಅಣ್ಣಾ. ನಾನು ಮೊನ್ನೆ ಹಳದಿ ಬಸ್ಸಿನೋರ ಹತ್ರ ಸೇರೀನಿ."

"ಅವ್ರೇ ಕರೆದ್ರಾ?" ಎಂದೆ.

"ಅವ್ರೇನು ಕರೀಲಿಲ್ಲ. ನಾನೇ ಹೋಗಿ ಕೇಳ್ದೆ. ಮೊದ್ಲು ಬೇರೆ ನಾಲ್ಕು ಕಡೆ ತಿರುಗ್ದೆ. ಎಲ್ಲಿ ಹೋದ್ರೂ ನೀನು ಹಳದಿ ಬಸ್ಸಿನೋರ ಮನುಷ್ಯ ಅಲ್ವಾ ಅಂತ ಬಾಗ್ಲಾಗೇ ನಿಲ್ಲಿಸಿದ್ರು. ನಿಮ್ಮ ಕಚೇರಿಯೋರು ಊರಿಗೆಲ್ಲ ಸಾರಿದ್ರಲ್ಲ. ನನ್ನನ್ನ ಒಳಗೆ ಕರೆದು ಕುಂದ್ರಿಸಿದ್ದು ಅವ್ರೊಬ್ರೇ. ಮನೇಲಿ ಉಣ್ಣೋ ಬಾಯಿಗಳವೆ ಅಣ್ಣಾ, ಏನ್ ಮಾಡ್ಲಿ?"

ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ಬಸ್ಸು ಹತ್ತಿದ ಮೇಲೂ ಅವರ ಮುಖ ಕಣ್ಣೆದುರಿಗೇ ಇತ್ತು. ದಾರಿಯುದ್ದಕ್ಕೂ ನನಗೆ ನನ್ನ ಮೇಲೂ ಆ ಕಚೇರಿಯ ಮೇಲೂ ಹೇಸಿಗೆ ಅನ್ನಿಸಿತು.

ಕಚೇರಿಗೆ ಬಂದು ವಿಷಯ ತಿಳಿಸಿದೆ. ಖಾದರ್ ಬರುವುದಿಲ್ಲ, ಹಳದಿ ಬಸ್ಸಿನವರ ಹತ್ತಿರ ಕೆಲಸಕ್ಕೆ ಸೇರಿದ್ದಾರೆ ಎಂದೆ. ಇಷ್ಟು ದಿನ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದ ನಂಜುಂಡಪ್ಪನವರ ಮುಖ ಊರಗಲ ಅರಳಿತು. ಮೇಜಿನ ಮೇಲೆ ಅಂಗೈಯಿಂದ ಬಡಿದು ಮಾಲೀಕರ ಕಡೆ ತಿರುಗಿದರು.

"ನೋಡಿದ್ರಾ? ಅವನು ಅವ್ರ ಮನುಷ್ಯ ಅಂತ ನಾನು ಮೊದ್ಲೇ ಹೇಳಿರ್ಲಿಲ್ವಾ?"

ಮೂವರೂ ಹೌದೌದು ಎಂದು ತಲೆ ಆಡಿಸಿದರು.